ದಂಡು ಹೊರಡುವ ಮುಂಚೆ

ಪಿತೃಪಕ್ಷದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎನ್ನುವುದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿದ್ದ ನಮ್ಮ ಅಜ್ಜಿಯ ಮನೆಯ ಕಟ್ಟಳೆಯಾಗಿತ್ತು. ಮದುವೆಯ ಮಾತು ಎತ್ತುವಂತಿಲ್ಲ, ಪಾಯ ತೆಗೆಯುವಂತಿಲ್ಲ, ಹೊಸ ಬಟ್ಟೆ ಕೊಳ್ಳುವಂತಿಲ್ಲ. ಹಳೆಯ ಬಾಕಿಗೆ ಮಾತ್ರ ಅಡ್ಡಿಯಿರಲಿಲ್ಲ. ಕಳಚಿದ ಹಿಡಿಗೆ ಮೊಳೆ ಹೊಡೆಯಬಹುದು, ಬಿಚ್ಚಿದ ಹೊಲಿಗೆ ಹಾಕಬಹುದು, ಮುರಿದದ್ದನ್ನು ಅಂಟಿಸಬಹುದು. ಹೀಗಾಗಿ ಭಾದ್ರಪದದ ಕೊನೆಯ ಹದಿನೈದು ದಿನ ಆ ಮನೆಯಲ್ಲಿ ಚಿಲ್ಲರೆ ಕೆಲಸಗಳ ಸುಗ್ಗಿ. ಅಟ್ಟದ ಮೇಲಿದ್ದ ಬೊಂಬೆಯ ಟ್ರಂಕುಗಳು ಇಳಿಯುತ್ತಿದ್ದುದೂ ಆಗಲೇ. ಮಾರ್ಲಾಮಿ ಅಮಾವಾಸ್ಯೆ ಕಳೆದು ಪಾಡ್ಯದ ದಿನ ಪಟ್ಟದ ಬೊಂಬೆ ಕೂರಬೇಕು. ಅಷ್ಟರೊಳಗೆ ಒಡೆದ ಕೈ, ಉದುರಿದ ಮೂಗು, ಮಾಸಿದ ಮೀಸೆ ಎಲ್ಲ ಸರಿಹೋಗಬೇಕು.

ಬೊಂಬೆ ಕೂರಿಸುವುದರಲ್ಲಿ ನಮ್ಮ ಊರಿನವರಿಗೆ ಒಂದು ಹಠ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದು ನವರಾತ್ರಿ ಉತ್ಸವ ಆರಂಭಿಸಿದ್ದು ಇಲ್ಲಿ. ಅದು ಮೈಸೂರಿಗೆ ಹೋದದ್ದು 1799ರಲ್ಲಿ ಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ. ಈಗ ಕಿರಂಗೂರಿನ ಬನ್ನಿಮಂಟಪದಿಂದ ಮತ್ತೆ ಮೆರವಣಿಗೆ ಹೊರಡಿಸುತ್ತಾರೆ, ಸಂತೋಷವೇ. ಆದರೂ ಹಳಬರು ಮೈಸೂರು ದಸರೆಯ ವಿಷಯ ಬಂದರೆ, ನೆರೆಮನೆಯವರು ಇಸಕೊಂಡು ಹೋಗಿ ವಾಪಸು ಕೊಡದ ಪಾತ್ರೆಯ ಹಾಗೆ ಮಾತಾಡುತ್ತಾರೆ.

ಅಜ್ಜಿಯ ಬೊಂಬೆಗಳಲ್ಲಿ ಎಲ್ಲರ ಮನೆಯಲ್ಲಿರುವುದೇ ಇತ್ತು. ಮೇಲಿನ ಮೆಟ್ಟಿಲಲ್ಲಿ ಅವರ ಮದುವೆಯಲ್ಲಿ ಬಂದ ರಾಜ ರಾಣಿ, ಅದರ ಕೆಳಗೆ ದೇವರುಗಳು, ಆಮೇಲೆ ಅಂಗಡಿ ಇಟ್ಟುಕೊಂಡ ಹೊಟ್ಟೆಯ ಶೆಟ್ಟರು, ಕುಸ್ತಿ ಜೋಡಿ, ವಾಲಗದವರು. ಬೇರೆಯವರ ಮನೆಯಲ್ಲಿ ಇಲ್ಲದ್ದು ಇದ್ದದ್ದು ಕೊನೆಯ ಮೆಟ್ಟಿಲಿನಲ್ಲಿ. ಅಲ್ಲಿ ಸೋದರಮಾವನ ದಂಡು ಇಳಿದಿರುತ್ತಿತ್ತು. ಜೇಡಿಮಣ್ಣಿನಲ್ಲಿ ಅವರೇ ಮಾಡಿದ ಬೆರಳುದ್ದದ ಸಿಪಾಯಿಗಳು, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ಪ್ಲಾಸ್ಟಿಕ್ಕಿನ ಕೆಂಪಂಗಿಯವರು, ರಟ್ಟಿನ ಕೋಟೆ, ನೀಲಿ ಸೀರೆಯ ತುಂಡಿನ ಕಾವೇರಿ. ಪಟ್ಟಣ ಬಿದ್ದ 1799ರ ಮೇ 4ರ ಮಧ್ಯಾಹ್ನ ಪ್ರತಿ ವರ್ಷವೂ ನಮ್ಮ ಪಡಸಾಲೆಯಲ್ಲಿ ಒಂಬತ್ತು ದಿನ ನಿಂತಿರುತ್ತಿತ್ತು.

ಮಾವ ಅಂಚೆ ಇಲಾಖೆಯಲ್ಲಿದ್ದವರು. ಮಾತು ಕಮ್ಮಿ. ಅವರದು ಒಂದೇ ಕಾನೂನು: ಕೊನೆಯ ಸಿಪಾಯಿಯ ಕೈಗೂ ಬಂದೂಕು ಬರುವವರೆಗೆ ಮೊದಲನೆಯವನು ಮೆಟ್ಟಿಲು ಹತ್ತಬಾರದು. ಮಕ್ಕಳಾದ ನಮಗೆ ದಂಡು ಇಳಿಸುವ ಆತುರ. ಅವರು ಪೊರಕೆಕಡ್ಡಿಯ ಕಂತೆ, ಬ್ಲೇಡು, ಗೋಂದಿನ ಬಟ್ಟಲು ಮುಂದಿಟ್ಟು, "ಕೂತ್ಕೊಳ್ರಪ್ಪ, ಬಾಕಿ ಜಾಸ್ತಿ ಐತೆ" ಎನ್ನುತ್ತಿದ್ದರು. ಹೋದ ವರ್ಷ ಮುರಿದ ಬಂದೂಕುಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ಅಂಟಿಸಬೇಕು. ಇಲಿ ಕಡಿದ ಕುದುರೆಗೆ ಕಿವಿ ಕೊಡಬೇಕು. ನನ್ನ ಪಾಲಿಗೆ ಬರುತ್ತಿದ್ದುದು ಮೀಸೆ. ಒಂದೇ ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಎಳೆಯಬೇಕಾದ ಗೆರೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ, ದೊಡ್ಡವರು ಇದೇ ಆಟವನ್ನು ಲೆಕ್ಕ, ನಿಯಮ, ದಾಳಗಳೊಂದಿಗೆ ಆಡುತ್ತಾರೆ ಎಂದು ತಿಳಿಯಿತು. ಮೇಜಿನ ಮೇಲೆ ಬೆಟ್ಟ, ಹೊಳೆ, ಊರು ಹರಡುತ್ತಾರೆ. ಅಂಗುಲದೆತ್ತರದ ಸೈನಿಕರನ್ನು ಅಳತೆಪಟ್ಟಿ ಹಿಡಿದು ಸರಿಸುತ್ತಾರೆ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರಷ್ಯದ ಸೈನ್ಯಾಧಿಕಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತರಬೇತಿಗೆಂದು ಇಂಥ ಆಟ ಬಳಸುತ್ತಿದ್ದರು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ತವರದ ಸಿಪಾಯಿಗಳನ್ನಿಟ್ಟು ಆಡುವುದಕ್ಕೆ ‘ಲಿಟಲ್ ವಾರ್ಸ್’ ಎಂಬ ನಿಯಮದ ಪುಸ್ತಕವನ್ನೇ ಬರೆದ. ಚದುರಂಗದ ನಾಡಿನವರಾದ ನಮಗೆ ಇದು ಪರದೇಶದ ಹುಚ್ಚು ಅನ್ನಿಸಬೇಕಾಗಿಲ್ಲ. ಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಪಟ್ಟಕ್ಕೆ ಕೂರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಆ ಹುಡುಗ ಬೆಳೆದು, ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದ, ಹಲವು ಹೊಸ ಮಣೆಯಾಟಗಳನ್ನು ಕಟ್ಟಿದ, ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂದು ಆಟಗಳಿಗೇ ಒಂದು ಭಾಗ ಮೀಸಲಿಟ್ಟ. ಯುದ್ಧವೊಂದು ತಂದು ಕೂರಿಸಿದ ದೊರೆಗೆ ಆಡಲು ಉಳಿದದ್ದು ಮಣೆಯ ಮೇಲಿನ ಯುದ್ಧವೇ. ಇದನ್ನು ಇತಿಹಾಸದವರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಹಾಗೆ ಕಾಣುತ್ತದೆ.

ಈ ಹವ್ಯಾಸಕ್ಕೆ ಬಿದ್ದವರ ಮನೆಯಲ್ಲಿ ಆಟಕ್ಕಿಂತ ಡಬ್ಬಗಳು ಹೆಚ್ಚು. ವಿದೇಶಕ್ಕೆ ಹೋದ ಸ್ನೇಹಿತರ ಕೈಲಿ ತರಿಸಿದವು, ಯಾರೋ ಬಿಟ್ಟುಕೊಟ್ಟವು, ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡವು. ಒಂದೊಂದರಲ್ಲೂ ನಲವತ್ತು ಐವತ್ತು ಜನ, ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತಾರೆ. ಅವರನ್ನು ಬಿಡಿಸಬೇಕು. ಅಚ್ಚಿನ ಎರಡು ಹೋಳು ಕೂಡಿದ ಜಾಗದಲ್ಲಿ ತಲೆಯಿಂದ ಕಾಲಿನವರೆಗೆ ಸಣ್ಣದೊಂದು ಏಣು ನಿಂತಿರುತ್ತದೆ, ಅದನ್ನು ಬ್ಲೇಡಿನಲ್ಲಿ ಹೆರೆಯಬೇಕು. ಸೋಪಿನ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಅಚ್ಚಿಗೆ ಸವರಿದ ಜಿಡ್ಡು ಉಳಿದು ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಆಮೇಲೆ ಪ್ರೈಮರ್. ಆಮೇಲೆ ಅಡಿಗೆ ರಟ್ಟು ಅಂಟಿಸಿ ಮರಳು ಉದುರಿಸಬೇಕು. ಬಣ್ಣದ ಮಾತು ಇಷ್ಟೆಲ್ಲ ಆದಮೇಲೆ. ಒಂದೊಂದು ಕೆಲಸವೂ ಎರಡು ನಿಮಿಷದ್ದು. ಎರಡು ನಿಮಿಷದ್ದು ಎಂಬ ಕಾರಣಕ್ಕೇ ನಾಳೆಗೆ ಬೀಳುತ್ತದೆ. ನಮ್ಮ ಗುಂಪಿನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆಡೋಣ ಎಂದು ಮಾತಾಡಿಕೊಂಡು ವರ್ಷಗಳೇ ಕಳೆದಿದ್ದವು. ದಂಡು ಮಾತ್ರ ಬೀರುವಿನ ಮೇಲೆ ಡಬ್ಬದೊಳಗೇ ಇತ್ತು.

ಒಂದು ಸಲ ಪಕ್ಷಕ್ಕೆ ರಜೆ ಹಾಕಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಗಂಜಾಮಿಗೆ ಹೋದೆ. ಅಜ್ಜಿ ಆಗ ಇರಲಿಲ್ಲ. ಮಾವ ನಿವೃತ್ತರಾಗಿದ್ದರು, ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಪಡಸಾಲೆಯಲ್ಲಿ ಹಳೇ ಚಾಪೆ ಹಾಸಿ ಇಬ್ಬರೂ ಕೂತೆವು. ಚೌಕಟ್ಟಿನಲ್ಲಿ ನೇತಾಡುತ್ತಿದ್ದ ಸಿಪಾಯಿಗಳನ್ನು ಬೆಳಕಿಗೆ ಹಿಡಿದು ನೋಡಿ ಮಾವ, "ಏನ್ ಸಣ್ಣುಕ್ ಮಾಡವ್ರೆ ಕಣಪ್ಪ, ಉಗುರೂ ಕಾಣ್ತದೆ" ಎಂದರು. ಆಮೇಲೆ ಕತ್ತರಿ ತೆಗೆದುಕೊಂಡರು.

ಮೈಸೂರಿನ ದಂಡಿನದೇ ಡಬ್ಬ ನನಗೆ ಸಿಕ್ಕಿರಲಿಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಸಿಪಾಯಿಗಳನ್ನು ನಮ್ಮವರನ್ನಾಗಿ ಮಾಡಿಕೊಳ್ಳಬೇಕಿತ್ತು. ಟೋಪಿ ಕತ್ತರಿಸಿ ಎಂ-ಸೀಲಿನ ಎಳೆ ಹೊಸೆದು ಪೇಟ ಸುತ್ತುವುದು, ಬೂಟು ಹೆರೆದು ಬರಿಗಾಲು ಮಾಡುವುದು. ನಲ್ಲಿ ಸೋರುವುದಕ್ಕೆ ಹಚ್ಚುವ ಎಂ-ಸೀಲು ನಮ್ಮಂಥವರಿಗೆ ವರದಾನ. ಎರಡು ಮುದ್ದೆ ಕಲಸಿದರೆ ಸ್ವಲ್ಪ ಹೊತ್ತು ಹೇಳಿದ ಹಾಗೆ ಕೇಳುತ್ತದೆ, ಆಮೇಲೆ ಕಲ್ಲು.

ಬಣ್ಣಕ್ಕೆ ಬಂದಾಗ ಸಮಸ್ಯೆ. ಟಿಪ್ಪುವಿನ ಕಾಲಾಳುಗಳು ನೇರಳೆ ಬಟ್ಟೆಯ ಮೇಲೆ ಬಿಳಿ ಹುಲಿಪಟ್ಟೆಯ ಅಂಗಿ ತೊಡುತ್ತಿದ್ದರು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಯಾವ ನೇರಳೆ? ಪಟ್ಟೆ ಎಷ್ಟು ದಪ್ಪ? ತೋಟಾ ಚೀಲದ ಪಟ್ಟಿ ಎಡಭುಜದ ಮೇಲಿಂದ ಇಳಿಯುತ್ತದೋ ಬಲಭುಜದಿಂದಲೋ? ಯುದ್ಧದ ಇತಿಹಾಸ ಓದುವಾಗ ಈ ಪ್ರಶ್ನೆಗಳು ಯಾವನಿಗೂ ಹುಟ್ಟುವುದಿಲ್ಲ. ಕುಂಚ ಹಿಡಿದವನಿಗೆ ಉತ್ತರ ಸಿಗದೆ ಮುಂದಕ್ಕೆ ಹೋಗುವಂತಿಲ್ಲ. ಗಂಜಾಮಿನಿಂದ ಕೋಟೆಗೆ ಹೋಗುವ ದಾರಿಯಲ್ಲೇ ದರಿಯಾ ದೌಲತ್. ಟಿಪ್ಪು 1784ರಲ್ಲಿ ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ಮೇಲೆ, 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಕರ್ನಲ್ ಬೇಲಿಯ ಪಡೆಯನ್ನು ಸುತ್ತುಗಟ್ಟಿ ಹೊಡೆದ ಚಿತ್ರವಿದೆ. ಚಿಕ್ಕಂದಿನಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದ ಗೋಡೆ. ಪಲ್ಲಕ್ಕಿಯಲ್ಲಿ ಕೂತ ಬೇಲಿ, ಸಿಡಿಯುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ, ಎಲ್ಲ ಬಾಯಿಪಾಠ. ಪಟ್ಟಿ ಯಾವ ಭುಜದ ಮೇಲಿದೆ ಎಂದು ನೋಡಲು ಹೋದದ್ದು ಮಾತ್ರ ಅದೇ ಮೊದಲು.

ಒಳಗೆ ಫೋಟೊ ತೆಗೆಯಲು ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಗೀಚಿಕೊಳ್ಳುತ್ತ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ಆ ನೂರಾರು ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ಮುಖ ಒಂದೇ, ನಿಲುವು ಒಂದೇ. ಒಂದು ಆನೆಯನ್ನೋ ದೊರೆಯನ್ನೋ ಬರೆಯುವಾಗ ಕಲಾವಿದನ ಕೈಗೆ ಬಂದ ಹುರುಪು ಬೇರೆ, ಸಾಲು ಸಿಪಾಯಿಗಳನ್ನು ತುಂಬುವಾಗಿನ ತಾಳ್ಮೆ ಬೇರೆ. ಅಲ್ಲೂ ಯಾರೋ ಒಬ್ಬ ಹುಡುಗ ದಿನಗಟ್ಟಲೆ ಮೀಸೆ ಬರೆಯುತ್ತ ಕೂತಿರಬೇಕು. ಇಷ್ಟಾಗಿಯೂ ಬಣ್ಣದ ವಿಷಯಕ್ಕೆ ಆ ಗೋಡೆಯನ್ನು ಪೂರ್ತಿ ನಂಬುವಂತಿಲ್ಲ. ಅದನ್ನು ಒಂದಕ್ಕಿಂತ ಹೆಚ್ಚು ಸಲ ಮತ್ತೆ ಬರೆಸಿದ್ದಾರೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಒಮ್ಮೆ. ನೇರಳೆಯನ್ನು ಕೊನೆಗೆ ನಾನೇ ತೀರ್ಮಾನಿಸಿದೆ: ಕ್ಯಾಮ್ಲಿನ್ನಿನ ನೀಲಿಗೆ ಕಡುಗೆಂಪು ಬೆರೆಸಿ, ಬಿಸಿಲಿಗೆ ಮಾಸಿದ ಹತ್ತಿ ಬಟ್ಟೆಯ ಮಬ್ಬು ಬರಲೆಂದು ಒಂದು ತೊಟ್ಟು ಬೂದಿಬಣ್ಣ ಹಾಕಿ.

ರಾಕೆಟ್ಟಿನವರದು ಇನ್ನೊಂದು ಕಥೆ. ಕಬ್ಬಿಣದ ಕೊಳವೆಗೆ ಮದ್ದು ಗಿಡಿದು ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುತ್ತಿದ್ದರು ಎಂದು ಶಾಲೆಯಲ್ಲೇ ಓದಿದ್ದೆವು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು, ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಾನು ಪೆನ್ನಿನ ರೀಫಿಲ್ಲನ್ನು ತುಂಡು ಮಾಡಿ ಕೊಳವೆ ಮಾಡಿಕೊಂಡೆ. ಗಳಕ್ಕೆ ಮಾವನ ಪೊರಕೆಕಡ್ಡಿ. ಸೂಜಿದಾರದಲ್ಲಿ ಕಟ್ಟಬೇಕು. ಕಟ್ಟುವಾಗ ಗೊತ್ತಾಯಿತು, ಕೊಳವೆ ಎಳ್ಳಷ್ಟು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಚಿತ್ರದಲ್ಲಿ ಓರೆಯಾದರೆ ಅಂದ ಕೆಡುತ್ತದೆ, ಯುದ್ಧದಲ್ಲಿ ಓರೆಯಾದರೆ ಹಾರಿಸಿದವನ ಕಡೆಗೇ ಬರುತ್ತದೆ. ಕತ್ತಲಲ್ಲಿ, ಗುಂಡಿನ ನಡುವೆ, ಅದನ್ನು ನೆಟ್ಟಗೆ ಕಟ್ಟಿ ಇಳುಕಲು ನೋಡಿ ಇಟ್ಟವರ ಕೈಗೆಲಸ ಎಂಥದ್ದಿರಬೇಕು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲೆ, ರಾಕೆಟ್ಟು, ಬಂದೂಕಿನ ಏಟಿಗೆ ಚೆಲ್ಲಾಪಿಲ್ಲಿಯಾಗಿ ಹಿಂದಕ್ಕೆ ಬಂದದ್ದು ಆ ಕೈಗೆಲಸದ ಮುಂದೆಯೇ. ಮುಂದೆ ವೆಲಿಂಗ್ಟನ್ ಎನ್ನಿಸಿಕೊಂಡು ನೆಪೋಲಿಯನ್ನನನ್ನು ಸೋಲಿಸಿದವನು ಅವನೇ.

ಕೋಟೆ ಮಾಡುವುದಕ್ಕೆ ಇಬ್ಬರೂ ಸೈಕಲ್ಲಿನಲ್ಲಿ ಹೋಗಿ ಗೋಡೆ ಅಳೆದೆವು. ರೈಲು ಕೋಟೆಯನ್ನು ಸೀಳಿಕೊಂಡು ಹೋಗುವ ಊರು ನಮ್ಮದು. ಜೋಡಿಹಳಿಗೆ ಅಡ್ಡ ಬಂತೆಂದು 2017ರಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಬುಡಸಮೇತ ಎತ್ತಿ, ಹಳಿಗಳ ಮೇಲೆ ತಳ್ಳಿಕೊಂಡು ಹೋಗಿ ಬೇರೆ ಕಡೆ ಕೂರಿಸಿದರು. ಅದನ್ನು ನೋಡಲು ಮಾವ ದಿನವೂ ಹೋಗುತ್ತಿದ್ದರಂತೆ. "ನಾವು ರಟ್ಟಿಂದ ಮಾಡೋದ ಅವ್ರು ಕಲ್ಲಲ್ಲೇ ಮಾಡುದ್ರು" ಎಂದು ಅಳತೆಪಟ್ಟಿ ಸುತ್ತಿಕೊಳ್ಳುತ್ತ ಹೇಳಿದರು.

ಇಂಗ್ಲಿಷರು ಗೋಡೆ ಒಡೆದ ಜಾಗ ಕೋಟೆಯ ವಾಯವ್ಯ ಮೂಲೆಗೆ ಹತ್ತಿರ. ಅಲ್ಲಿ ಸತ್ತ ಅಧಿಕಾರಿಗಳ ಹೆಸರು ಕೆತ್ತಿದ ಕಂಬ ಒಂದಿದೆ. ಮೇಲೆ ನಿಂತರೆ ಕೆಳಗೆ ಕಾವೇರಿಯ ಬಂಡೆಗಳು. ನೀರಿನ ಆಳವನ್ನು ಮೇಜಿನ ಮೇಲೆ ಹೇಗೆ ತೋರಿಸುವುದು ಎಂಬ ಪ್ರಶ್ನೆಯಿಂದ ಮುತ್ತಿಗೆಯ ತಿಥಿಯೇ ನನಗೆ ಅರ್ಥವಾಯಿತು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಗುವ ಮುಂಚೆ ಈ ಹೊಳೆ ಮಳೆಯ ಮಾತನ್ನು ಮಾತ್ರ ಕೇಳುತ್ತಿತ್ತು. ಜೂನ್ ಬಂದರೆ ಕೊಡಗಿನ ನೀರು ಇಳಿದು ದ್ವೀಪಕ್ಕೆ ಕಾಲಿಡುವಂತಿಲ್ಲ. ಇಂಗ್ಲಿಷರ ಸೇನಾಪತಿ ಹಾರಿಸ್‌ನ ದಂಡಿನಲ್ಲಿ ದವಸವೂ ತೀರುತ್ತ ಬಂದಿತ್ತು. ಮೇ ತಿಂಗಳ ಮೊದಲ ವಾರದೊಳಗೆ ಮುಗಿಸಲೇಬೇಕಿತ್ತು. ಮೇ 4ರ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ದಾಳಿಯ ಮುಂದಾಳು ಬೇರ್ಡ್ ಕತ್ತಿ ಎತ್ತಿ ಹೊರಟ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕೂತಿದ್ದವನು ಅವನು. ಹೊಳೆ ದಾಟಿ ಒಡಕಿನ ಮೇಲೆ ಬಾವುಟ ನೆಟ್ಟದ್ದು ಹೊರಟ ಆರೇಳು ನಿಮಿಷದೊಳಗೆ ಎಂದು ಆ ಕಾಲದವರೇ ಬರೆದಿಟ್ಟಿದ್ದಾರೆ.

ಆ ಆರೇಳು ನಿಮಿಷವನ್ನು ಮಾವ ವರ್ಷವರ್ಷವೂ ಬೊಂಬೆ ಮೆಟ್ಟಿಲಲ್ಲಿ ನಿಲ್ಲಿಸುತ್ತಿದ್ದರು. ಅದರ ಹಿಂದಿನ ಒಂದು ತಿಂಗಳು ಯಾರ ಮೆಟ್ಟಿಲಿಗೂ ಬರಲಿಲ್ಲ. ಏಪ್ರಿಲ್ 5ಕ್ಕೆ ಬಂದು ಇಳಿದ ದಂಡು ಮೇ 4ರವರೆಗೆ ಮಾಡಿದ್ದೇನು ಎಂದು ದಿನಚರಿಗಳನ್ನು ತೆಗೆದು ನೋಡಿದರೆ ಸಿಗುವುದು ಬರೀ ಚಿಲ್ಲರೆ ಕೆಲಸ. ಕಾಲುವೆ ತೋಡುವುದು, ಬಿದಿರು ಕಡಿಯುವುದು, ಬುಟ್ಟಿ ಹೆಣೆದು ಮಣ್ಣು ತುಂಬಿ ಅಡ್ಡಗಟ್ಟುವುದು, ಸೌದೆಯ ಕಟ್ಟು ಕಟ್ಟುವುದು, ರಾತ್ರಿ ಫಿರಂಗಿಯನ್ನು ಒಂದಿಷ್ಟು ಮುಂದಕ್ಕೆ ಎಳೆಯುವುದು. ಒಳಗಿದ್ದವರದೂ ಅದೇ: ಹಗಲು ಉದುರಿದ್ದನ್ನು ರಾತ್ರಿ ಮೆತ್ತುವುದು. ಇಷ್ಟು ತಿಳಿದ ಮೇಲೆ ನನ್ನ ಪಟ್ಟಿ ಇನ್ನಷ್ಟು ಬೆಳೆಯಿತು. ತೆಂಗಿನ ನಾರನ್ನು ಗುಂಡುಸೂಜಿಗಳ ಸುತ್ತ ಹೆಣೆದು ಕಡಲೆಕಾಳಿನ ಗಾತ್ರದ ಬುಟ್ಟಿಗಳನ್ನು ಮಾಡಿದೆವು. ಹೊಳೆಯ ಮರಳನ್ನು ಅತ್ತೆಯ ಜರಡಿಯಲ್ಲಿ ಸೋಸಿ ತುಂಬಿದೆವು. ಜರಡಿಯ ವಿಷಯ ಅತ್ತೆಗೆ ತಿಳಿದಾಗ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅದಕ್ಕೆ ಹಿಂದಿನ ತಿಂಗಳು ಅಮಾವಾಸ್ಯೆಯ ಪೂಜೆಗೆಂದು ಅತ್ತೆ, ಮಾವ, ನಾನು ಚುಂಚನಗಿರಿಗೆ ಹೋಗಿದ್ದೆವು. ಕಾಲಭೈರವೇಶ್ವರನ ದರ್ಶನ, ಊಟ ಮುಗಿಸಿ ಬರುವಾಗ ನಾಗಮಂಗಲದಲ್ಲಿ ಇಳಿದು ಲೋಹದ ವಿಗ್ರಹ ಎರೆಯುವವರೊಬ್ಬರ ಕೆಲಸದ ಮನೆಗೆ ಹೋದೆವು. ಒಂದು ಪುಟ್ಟ ಹಿತ್ತಾಳೆಯ ಫಿರಂಗಿ ಎರೆದುಕೊಡುತ್ತಾರೇನೋ ಎಂಬ ಆಸೆ ನನಗೆ. ಅವರು ಮೇಣದಲ್ಲಿ ಮೂರ್ತಿ ತಿದ್ದಿ, ಅದಕ್ಕೆ ನಯವಾದ ಮಣ್ಣು ಬಳಿದು ಒಣಗಿಸಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿಗೆ ಕರಗಿದ ಲೋಹ ಹೊಯ್ಯುವವರು. ಹೊಯ್ಯುವುದು ಕೆಲವೇ ನಿಮಿಷ. ನಾವು ಹೋದಾಗ ಅವರ ಮಗ ಒಂದು ಉತ್ಸವಮೂರ್ತಿಯ ತೋಳಿನ ಕೆಳಗೆ ಅರ ಹಾಕುತ್ತ ಕೂತಿದ್ದ. ಲೋಹ ಹರಿದು ಬಂದ ನಾಳದ ಬುಡ ಅಲ್ಲಿ ಗಂಟಾಗಿ ಉಳಿದಿತ್ತು. ನಮ್ಮ ಪ್ಲಾಸ್ಟಿಕ್ ಸಿಪಾಯಿಯ ಏಣಿಗೂ ಈ ಗಂಟಿಗೂ ಹುಟ್ಟು ಒಂದೇ. "ಎರೆಯೋದು ಒಂದು ದಿನ, ಅರ ಹಾಕೋದು ತಿಂಗ್ಳು. ಜನ ಬಂದು ನೋಡೋದು ಎರೆಯೋದ್ನ" ಎಂದರು ಯಜಮಾನರು. ಫಿರಂಗಿ ಎರೆಯಲು ಒಪ್ಪಲಿಲ್ಲ, ಅಷ್ಟು ಸಣ್ಣದು ಅವರಿಗೆ ಗಿಟ್ಟುವುದಿಲ್ಲ. ಬದಲಿಗೆ ತೇದು ಮೊಂಡಾದ ಒಂದು ಇಲಿಬಾಲದ ಅರವನ್ನು ಕೊಟ್ಟು ಕಳಿಸಿದರು. ಪ್ಲಾಸ್ಟಿಕ್ಕಿಗೆ ಅದಕ್ಕಿಂತ ಒಳ್ಳೆಯ ಅರ ನಾನು ಇವತ್ತಿಗೂ ಕಂಡಿಲ್ಲ.

ಇನ್ನು ಎತ್ತು. ಹಿರಿಯರಿಗೆ ಎಡೆಯಿಡಲು ಅಪ್ಪನ ಊರಿಗೆ ಹೋಗುವಾಗ ಎತ್ತಿನ ಡಬ್ಬವನ್ನು ಜೊತೆಗೆ ಒಯ್ದೆ. ಆ ಊರು ಪಾಂಡವಪುರ ತಾಲ್ಲೂಕಿನಲ್ಲಿ, ಚಿನಕುರಳಿಗೆ ಹತ್ತಿರ. ಹೈದರ್, ಟಿಪ್ಪುವಿನ ನೌಕರಿಯಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಕಾರಣಕ್ಕೆ ಪಾಂಡವಪುರ ಬಹಳ ಕಾಲ ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿತ್ತು. ಚಿನಕುರಳಿಯಲ್ಲಿ 1771ರ ಮಾರ್ಚಿನಲ್ಲಿ ತ್ರಿಂಬಕರಾವ್‌ನ ಮರಾಠಾ ದಂಡು, ಮೇಲುಕೋಟೆಯಿಂದ ಪಟ್ಟಣಕ್ಕೆ ಹಿಂದಿರುಗುತ್ತಿದ್ದ ಹೈದರನನ್ನು ಅಡ್ಡಗಟ್ಟಿ ಸೋಲಿಸಿತು. ನಮ್ಮ ಹೊಲಗಳಲ್ಲಿ ಈಗ ಕಬ್ಬು.

ಚಿಕ್ಕಪ್ಪ ಹಳ್ಳಿಕಾರ್ ಜೋಡಿ ಸಾಕಿಕೊಂಡಿರುವವರು. ಬೇಬಿ ಬೆಟ್ಟದ ಜಾತ್ರೆ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆ ಎರಡಕ್ಕೂ ತಪ್ಪದೆ ಹೋಗುತ್ತಾರೆ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಜಗಲಿಯ ಮೇಲೆ ನಾನು ಸಾಲಾಗಿ ನಿಲ್ಲಿಸಿದ ಅರ್ಧ ಬೆರಳಿನ ಎತ್ತುಗಳನ್ನು ಬಗ್ಗಿ ನೋಡಿದರು.

"ಇದೇನ್ಲಾ ಮಗ, ಎತ್ತೋ ಎಮ್ಮೆನೋ?"

"ಎತ್ತು ಚಿಕ್ಕಪ್ಪ. ಫಿರಂಗಿ ಎಳೆಯೋವು."

"ಯಾವ್ ಸೀಮೇವೋ? ಕೊಂಬು ಅಡ್ಡಡ್ಡಕ್ಕೆ ಹೋಗವೆ. ನಮ್ಮವು ನೆತ್ತಿ ಮೇಲೆ ಹತ್ತತ್ರ ಹುಟ್ಟಿ, ಹಿಂದಕ್ಕೆ ಬಾಗಿ, ತುದೀಲಿ ಮುಂದುಕ್ ತಿರುಗ್ಬೇಕು. ಮೊಕ ಉದ್ದುಕ್ಕಿರ್ಬೇಕು. ಇವು ಎಳೆಯಾಕಿಲ್ಲ ಬುಡು."

ಆಟದ ಎತ್ತು ಎಳೆಯದಿದ್ದರೂ ನಡೆಯುತ್ತದೆ ಎಂದು ವಾದಿಸಲಿಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪು ಇಟ್ಟ ಅಮೃತಮಹಲ್ ಎಂಬ ಹೆಸರು, ಹೈದರನ ಫಿರಂಗಿಗಳು ಶತ್ರುವಿನವಕ್ಕಿಂತ ಬೇಗ ಓಡುತ್ತಿದ್ದುದು, ಇವೆಲ್ಲದರ ಬುಡದಲ್ಲಿ ಇರುವುದು ಚಿಕ್ಕಪ್ಪ ಹೇಳಿದ ಆ ಕೊಂಬಿನ ತಳಿಯೇ. ಇಂಗ್ಲಿಷರ ಮುತ್ತಿಗೆ ಫಿರಂಗಿಗಳನ್ನು ಘಟ್ಟ ಹತ್ತಿಸಿ ತಂದದ್ದೂ ಎತ್ತುಗಳೇ, ಒಂದೊಂದಕ್ಕೆ ಹತ್ತಾರು. ಹಿಂದಿನಿಂದ ಆನೆ ನೂಕಬೇಕು. ದವಸ ಹೊತ್ತ ಬಂಜಾರರ ಎತ್ತುಗಳ ಸಾಲು ಬೇರೆ. ಯುದ್ಧದಾಟದ ಮೇಜಿನ ಮೇಲೆ ಇವು ಯಾವುವೂ ಕಾಣುವುದಿಲ್ಲ, ಯಾಕೆಂದರೆ ಇವಕ್ಕೆ ಬಣ್ಣ ಹಚ್ಚುವಷ್ಟು ತಾಳ್ಮೆ ಯಾರಿಗೂ ಇಲ್ಲ.

ಕೊಂಬುಗಳನ್ನೆಲ್ಲ ಕತ್ತರಿಸಿದೆ. ತಲೆಗೆ ಸೂಜಿಯಲ್ಲಿ ತೂತು ಕೊರೆದು ತಾಮ್ರದ ತಂತಿ ಚುಚ್ಚಿ, ಚಿಕ್ಕಪ್ಪ ಕೈಯಲ್ಲಿ ತೋರಿಸಿದ ಬಾಗಿಗೆ ಬಗ್ಗಿಸಿ, ಮೇಲೆ ಎಂ-ಸೀಲು ಮೆತ್ತಿದೆ. ಅವರು ಹಟ್ಟಿಯ ಮುಂದೆ ತಮ್ಮ ಎತ್ತಿನ ಕೊಂಬು ಹೆರೆದು ಎಣ್ಣೆ ಸವರುತ್ತಿದ್ದರು. ನಾನು ಜಗಲಿಯಲ್ಲಿ ನನ್ನವುಗಳ ಕೊಂಬಿಗೆ ನಾಗಮಂಗಲದ ಅರ ಹಾಕುತ್ತಿದ್ದೆ. ನಡುನಡುವೆ ಬಂದು ತಪಾಸಣೆ ಮಾಡಿ, "ಇದ್ರದ್ದು ಜಾಸ್ತಿ ಬಾಗೈತೆ, ಜಾತ್ರೇಲಿ ಬೆಲೆ ಬರಾಕಿಲ್ಲ" ಎಂದು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಬಣ್ಣವೂ ಅವರದೇ ಮಾತಿನಂತೆ: ಮೈ ಬೂದು, ಹೆಗಲು ಮತ್ತು ಹಿಂತೊಡೆಯ ಕಡೆ ಕಪ್ಪು ಕೂಡಬೇಕು.

ಆಟ ಆ ವರ್ಷದ ಕೊನೆಯಲ್ಲಿ ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯ ಹಾಲಿನಲ್ಲಿ ನಡೆಯಿತು. ಮಧ್ಯಾಹ್ನ ಊಟಕ್ಕೆ ಮುಂಚೆ ಶುರುವಾಗಿ ಸಂಜೆ ಕಾಫಿಯ ಹೊತ್ತಿಗೆ ಮುಗಿಯಿತು. ರಾಕೆಟ್ಟು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದನ್ನು ದಾಳ ಹೇಳಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಒಂದು ನಮ್ಮ ಮದ್ದಿನ ಬಂಡಿಗೇ ಬಂದು ಬಿತ್ತು. ಬೇರ್ಡ್ ಹೊಳೆಯ ನಡುವೆ ಬಂಡೆಗಳಲ್ಲಿ ಸಿಕ್ಕಿಕೊಂಡು ಬಹಳ ಹೊತ್ತು ಒದ್ದಾಡಿ ಕೊನೆಗೂ ಒಡಕು ಹತ್ತಿದ. ಟಿಪ್ಪುವನ್ನು ಗೆಲ್ಲಿಸಬೇಕೆಂದು ನಾನು ಪ್ರಯತ್ನಪಟ್ಟೆ, ಆಗಲಿಲ್ಲ. ಆಟದ ಫೋಟೊಗಳನ್ನು ಮಾವನಿಗೆ ಕಳಿಸಿದಾಗ ಅವರು ಕೇಳಿದ್ದು ಗೆದ್ದವರು ಯಾರು ಎಂದಲ್ಲ. ಬುಟ್ಟಿಗಳು ನೆಟ್ಟಗೆ ನಿಂತವೇ ಎಂದು.

ಚಿಕ್ಕಪ್ಪನಿಗೂ ತೋರಿಸಿದೆ. ಫಿರಂಗಿಯ ಮುಂದೆ ಜೋಡಿಜೋಡಿಯಾಗಿ ಕಟ್ಟಿದ ಎತ್ತುಗಳ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ನೋಡಿದರು. ಕೊಂಬು ಒಪ್ಪಿಗೆಯಾಯಿತು. ಆಮೇಲೆ, "ಅಲ್ಲ ಕಣ್ಲಾ, ಇಷ್ಟ್ ಜೋಡಿ ಕಟ್ಟಿದ್ದೀಯ, ಹಗ್ಗ ಹಿಡ್ದಿರೋರು ಯಾರು? ಎತ್ತು ತಾವೇ ಹೋಯ್ತವಾ?" ಎಂದರು.

ಎತ್ತು ಹೊಡೆಯುವವರ ಡಬ್ಬವನ್ನು ಯಾವ ಕಂಪನಿಯೂ ಮಾರುವುದು ನಾನು ಕಾಣೆ. ಮುಂದಿನ ಪಕ್ಷಕ್ಕೆ ಹೋದಾಗ ಮಾವನ ಮುಂದೆ ಮಿಕ್ಕ ಕೆಂಪಂಗಿಯವರನ್ನೆಲ್ಲ ಸುರಿದೆ. ಬಂದೂಕು ಹಿಡಿದ ಕೈಗಳನ್ನು ಮೊಣಕೈ ಹತ್ತಿರ ಕತ್ತರಿಸಿ ತಿರುಗಿಸಿ ಅಂಟಿಸಿದರೆ ಬಾರುಕೋಲು ಹಿಡಿದ ಹಾಗಾಗುತ್ತದೆ. ಕೋಟು ಹೆರೆದು ಬರಿಮೈ ಮಾಡಬೇಕು, ಸೊಂಟಕ್ಕೆ ಪಂಚೆ, ಹೆಗಲಿಗೆ ಕಂಬಳಿಯ ಮಡಿಕೆ. ಕಂಬಳಿಗೆ ಟಿಶ್ಯೂ ಕಾಗದವನ್ನು ಫೆವಿಕಾಲಿನಲ್ಲಿ ಅದ್ದಿ ಹೊದಿಸುವುದು ಮಾವನ ಉಪಾಯ. ಒಂದು ಜೋಡಿಗೆ ಒಬ್ಬನಂತೆ ಲೆಕ್ಕ ಹಾಕಿದೆವು. ಚಿಕ್ಕಪ್ಪ ಫೋನಿನಲ್ಲೇ ತಿದ್ದಿದರು: ಉದ್ದ ಸಾಲಿಗೆ ಅಷ್ಟು ಜನ ಬೇಡ, ಮುಂದಿನ ಜೋಡಿಗೆ ಪಳಗಿದವನೊಬ್ಬ, ನಡುವೆ ಹುಡುಗರು ಸಾಕು. ಹುಡುಗರನ್ನು ಮಾಡಲು ಸಿಪಾಯಿಗಳ ಕಾಲನ್ನು ಮೊಣಕಾಲಿನ ಕೆಳಗೆ ಗಿಡ್ಡ ಮಾಡಬೇಕು, ತಲೆಯ ಗಾತ್ರವನ್ನೂ ಅರ ಹಾಕಿ ಇಳಿಸಬೇಕು. ನಾಲ್ವರಾಗಿದ್ದಾರೆ, ಇನ್ನು ಮೂವರಿಗೆ ಪಂಚೆ ಆಗಬೇಕು.